ಡೊಳ್ಳು ಸೋಸಿದ ದನಿ

ಆ ಭಾನುವಾರ ಬೆಳಿಗ್ಗೆ ಕುರನೂರ ಹಿನ್ನೀರಿನಿಂದ ಎದ್ದ ಮಂಜು ದಂಡೆ ಹತ್ತಿ, ಬಿಳಿಜೋಳದ ಹೊಲಗಳನ್ನು ದಾಟಿ, ಬೀರೋಬಾನ ಗುಡಿಯ ಕಟ್ಟೆಯ ಮೇಲೆ ಕೂತುಬಿಟ್ಟಿತ್ತು. ಹಟ್ಟಿಯಲ್ಲಿ ಕುರಿ ಕೆಮ್ಮುವುದು ಕೇಳುತ್ತಿತ್ತು, ಕುರಿ ಕಾಣುತ್ತಿರಲಿಲ್ಲ. ಇಂಥ ಥಂಡಿಗೆ ಡೊಳ್ಳಿನ ಚರ್ಮ ಸಡಿಲಾಗಿ ದನಿ ಬಿದ್ದುಹೋಗುತ್ತದೆ. ಪೂಜಾರಿ ಧರೆಪ್ಪ ಜೋಳದ ದಂಟಿನ ಉರಿ ಮಾಡಿ, ಡೊಳ್ಳನ್ನು ಹೊರಳಿಸುತ್ತ ಅದರ ಎರಡೂ ಮುಖ ಕಾಯಿಸುತ್ತಿದ್ದ.

"ಗಡಬಡ ಮಾಡ್ರಿ, ಎಸ್‌ಟಿ ಬಸ್ಸು ಬಂತು," ಎಂದು ಹೆಂಡತಿ ಸುಗಲಾಬಾಯಿ ಒಳಗಿನಿಂದ ಕೂಗಿದಳು.

"ಈ ಮಂಜಿನಾಗ ನಿನಗ ಎಸ್‌ಟಿ ಕಾಣ್ತದೇನ?"

"ಕಾಣೂದಿಲ್ಲ, ಕೇಳ್ತದ. ನಿಮ್ಮ ಡೊಳ್ಳಿಗಿಂತ ಅದರ ಆವಾಜ ಜೋರದ."

ಆ ಗುಡಿಯಲ್ಲಿ ಒಂದು ಪದ್ಧತಿ ಉಂಟು. ಮಾತು ಒಪ್ಪಿಸುವುದು ಎನ್ನುತ್ತಾರೆ. ಯಾರ ಮುಂದೂ ಹೇಳಲಾಗದ ಮಾತು ಎದೆಯಲ್ಲಿ ಕೂತವರು ಭಾನುವಾರ ಬಂದು, ಗರ್ಭಗುಡಿಯಲ್ಲಿ ಕರಿ ಕಂಬಳಿಯ ಪರದೆಯ ಆಚೆ ದೇವರ ಮುಂದೆ ಒಬ್ಬರೇ ಕೂರಬೇಕು. ಮಾತನ್ನು ದನಿ ತೆಗೆದು ಹೇಳಬೇಕು. ಮನಸ್ಸಿನಲ್ಲಿ ಅಂದುಕೊಂಡರೆ ಸಾಲದು. "ಮನಸಿನಾಗಿಂದು ದೇವ್ರಿಗಿ ಮೊದಲೇ ಗೊತ್ತಿರ್ತದ. ನಿನಗ ಗೊತ್ತಾಗಬೇಕಲ್ಲ, ಅದಕ್ಕ ಬಾಯಿಲೆ ಹೇಳಬೇಕು," ಎನ್ನುತ್ತಿದ್ದ ಧರೆಪ್ಪನ ಅಜ್ಜ. ಹೇಳುವಷ್ಟು ಹೊತ್ತೂ ಪೂಜಾರಿ ಹೊಸ್ತಿಲ ಹೊರಗೆ ಬೆನ್ನು ತಿರುಗಿಸಿ ನಿಂತು ಡೊಳ್ಳು ಬಾರಿಸಬೇಕು. ಒಳಗಿನ ಒಂದಕ್ಷರವೂ ಹೊರಗಿನ ಒಂದು ಕಿವಿಗೂ ಬೀಳಬಾರದೆಂದು ಆ ಡೊಳ್ಳು. ಪೂಜಾರಿಯ ಕಿವಿಯೂ ಹೊರಗಿನದೇ. ಮಾತು ಮುಗಿಸಿ ಬಂದವರು ಡೊಳ್ಳಿನ ಮುಖಕ್ಕೆ ದೇವರ ಅರಿಶಿನವಾದ ಭಂಡಾರವನ್ನು ಒಂದು ಚಿಟಿಕೆ ಹಚ್ಚಿದಾಗ ಅದು ನಿಲ್ಲುತ್ತದೆ.

ನಲವತ್ತೊಂದು ವರ್ಷ ಧರೆಪ್ಪ ಹೀಗೆ ಬಾರಿಸಿದ್ದ. ಎಷ್ಟು ಮನೆಗಳ ಕಣ್ಣೀರು ಅವನ ಬೆನ್ನ ಹಿಂದೆ ಹರಿದುಹೋಗಿತ್ತೋ, ಅವನಿಗೆ ಒಂದೂ ಗೊತ್ತಿಲ್ಲ. ಗೊತ್ತಿಲ್ಲದಿರುವುದೇ ತನ್ನ ಪೂಜೆ ಎಂದು ನಂಬಿದ್ದ.

ಹಿಂದಿನ ಶ್ರಾವಣದಲ್ಲಿ ದೇವರ ಬೆಳ್ಳಿ ಕಣ್ಣುಗಳು ಕಳುವಾಗಿದ್ದವು. ಸೋಲಾಪುರದ ಚಾದರ ವ್ಯಾಪಾರಿ ಶಂಕರೆಪ್ಪ ಸಾವಕಾರರು ಮೂರು ತಲೆಮಾರಿನಿಂದ ಈ ಗುಡಿಗೆ ನಡೆದುಕೊಳ್ಳುವವರು. ಅವರೇ ಹೊಸ ಕಣ್ಣು ಮಾಡಿಸಿ ಕೊಟ್ಟರು. ಜೊತೆಗೆ ಗರ್ಭಗುಡಿಯ ತೊಲೆಗೆ ಒಂದು ಕ್ಯಾಮರಾ ಹಾಕಿಸಿದರು. ಸಾವಕಾರರು, ಅವರ ಮಗ ಗುರುಶಾಂತ, ಊರಿನ ಗುಡಿ ಮಂಡಳಿಯ ಹಿರಿಯ ಬಂಡೆಪ್ಪ, ಈ ಮೂವರ ಮೊಬೈಲಿನಲ್ಲಿ ಬೀರೋಬಾ ಇಪ್ಪತ್ನಾಲ್ಕು ತಾಸೂ ಕಾಣುತ್ತಿದ್ದ. ಹೊಸ ವಸ್ತುವೆಂದು ಸುಗಲಾಬಾಯಿ ಮೊದಲ ದಿನವೇ ಅದರ ಗಾಜಿಗೂ ಭಂಡಾರ ಹಚ್ಚಿ ಕೈಮುಗಿದಿದ್ದರಿಂದ, ಸಾವಕಾರರಿಗೆ ಮೂರು ದಿನ ಹಳದಿ ದೇವರ ದರ್ಶನವಾಯಿತು. ಆಮೇಲೆ ಅದು ಗೋಡೆಯ ಹಲ್ಲಿಯ ಹಾಗಾಯಿತು, ಇದೆ ಎಂಬುದೇ ಮರೆತುಹೋಯಿತು. ಅದು ನೋಡುತ್ತದೆಂದು ಎಲ್ಲರೂ ಬಲ್ಲರು. ಕೇಳುತ್ತದೆಂದು ಧರೆಪ್ಪನಾಗಲಿ, ಮಾತು ಒಪ್ಪಿಸಲು ಬರುವವರಾಗಲಿ ಎಣಿಸಿರಲಿಲ್ಲ. ಎಣಿಸಿದ್ದರೂ, ಡೊಳ್ಳಿದೆಯಲ್ಲ ಎನ್ನುತ್ತಿದ್ದರು.

ಮಂಜಿನೊಳಗಿಂದ ಮನೀಷಾ ಬಂದಳು. ಕುರನೂರಿನ ಮಗಳು, ಕುಂಭಾರಿಯ ಸೊಸೆ. ದಿನಾ ಕುಂಭಾರಿಯಿಂದ ಸೋಲಾಪುರಕ್ಕೆ ಹೋಗಿ ಅದೇ ಶಂಕರೆಪ್ಪ ಸಾವಕಾರರ ಅಂಗಡಿಯಲ್ಲಿ ಚಾದರ ಮಡಚಿ ಗಂಟು ಕಟ್ಟುವ ಕೆಲಸ. ಭಾನುವಾರ ರಜೆ.

"ಕಾಕಾ, ಮಾತು ಒಪ್ಪಸೂದದ," ಎಂದಳು.

"ಹೋಗವಾ. ಇವತ್ತ ಈ ಮಂಜಿನಾಗ ನಿನ್ನ ಬಿಟ್ರ ಯಾರೂ ಬರೂದಿಲ್ಲ. ಸಾವಕಾಶ ಹೇಳು."

ಧರೆಪ್ಪ ಬೆನ್ನು ತಿರುಗಿಸಿ ಡೊಳ್ಳು ಎತ್ತಿದ. ಒಳಗೆ ಆಕೆ ಹೇಳಿದ್ದನ್ನು ಆಕೆಯ ಅಪ್ಪಣೆ ಪಡೆದೇ ಇಲ್ಲಿ ಬರೆದಿದೆ. ಆಕೆಗೆ ಮುಟ್ಟು ನಿಂತು ಎರಡು ತಿಂಗಳಾಗಿತ್ತು. ಇದು ಮೂರನೆಯ ಸಲ. ಹಿಂದಿನ ಎರಡು ಸಲವೂ ಅತ್ತೆ ಸುಮಿತ್ರಾಬಾಯಿ ಸಂತೋಷ ತಡೆಯಲಾರದೆ ಓಣಿಗೆಲ್ಲ ಸಕ್ಕರೆ ಹಂಚಿದ್ದಳು. ಮೂರು ತಿಂಗಳು ತುಂಬುವ ಮೊದಲೇ ಬಸಿರು ಹೋಗಿತ್ತು. ಸಕ್ಕರೆ ತಿಂದವರೇ ಸಾಲಾಗಿ ಬಂದು ಹಾಸಿಗೆಯ ಪಕ್ಕ ಕೂತು ಲೊಚಗುಟ್ಟಿದ್ದರು. ಬಸಿರು ಹೋದದ್ದಕ್ಕಿಂತ ಆ ಲೊಚಗುಟ್ಟುವಿಕೆ ಆಕೆಯನ್ನು ಹೆಚ್ಚು ಮುರಿದಿತ್ತು. ಈ ಸಲ ಡಾಕ್ಟರಿಣಿಯನ್ನು ಬಿಟ್ಟರೆ ಯಾರಿಗೂ ತಿಳಿಸಿರಲಿಲ್ಲ. ಗಂಡ ಸೂರಜ ಒಳ್ಳೆಯವನೇ, ಆದರೆ ಅವನ ಬಾಯಿಗೂ ತಾಯಿಯ ಕಿವಿಗೂ ನಡುವೆ ಬಾಗಿಲಿಲ್ಲ. ಐದು ತುಂಬುವ ತನಕ ಇದು ನಿನ್ನ ನನ್ನ ನಡುವೆ ಇರಲಿ ಎಂದು ಆಕೆ ಬೀರೋಬಾನ ಮುಂದೆ ಹೇಳಿ, ಅತ್ತು, ಮುಖ ಒರೆಸಿಕೊಂಡು ಹೊರಬಂದು ಡೊಳ್ಳಿಗೆ ಭಂಡಾರ ಹಚ್ಚಿದಳು.

ಬುಧವಾರ ಅಂಗಡಿಯಲ್ಲಿ ಆಕೆ ಗಂಟು ಎತ್ತಲು ಬಾಗಿದಾಗ ಸಾವಕಾರರು ಗಾದಿಯಿಂದ ಎದ್ದು ಬಂದರು. ಅವರ ಕೈಯಲ್ಲಿ ಒಂದು ಖುರ್ಚಿ.

"ಇನ್ನ ಮ್ಯಾಲ ನೀ ಗಂಟು ಎತ್ತಬ್ಯಾಡವಾ ಮನೀಷಾ. ಇಲ್ಲಿ ಕೂತು ಚೀಟಿ ಹಚ್ಚು. ಈ ಹೊತ್ತಿನಾಗ ಕಾಳಜಿ ತಗೋಬೇಕು."

"ಯಾವ ಹೊತ್ತಿನಾಗ್ರಿ?"

ಸಾವಕಾರರು ಮೆಲ್ಲಗೆ ನಕ್ಕು ಮೇಲಕ್ಕೆ ಕೈ ತೋರಿಸಿದರು. "ಬೀರೋಬಾ ಅದಾನ. ಈ ಸಲ ಎಲ್ಲಾ ಚೊಲೋ ಆಗ್ತದ."

ಮನೀಷಾ ಗಂಟು ಬಿಟ್ಟು ನೆಟ್ಟಗೆ ನಿಂತಳು. ಜೊತೆಯ ಹೆಂಗಸರು ಕೈ ನಿಲ್ಲಿಸಿ ನೋಡಿದರು. ಛಾಯಾ ಎಂಬವಳು ಹತ್ತಿರ ಬಂದು, "ಏನವಾ, ನಮಗ ಹತ್ತ ವರ್ಷ ನಿಂತ್ರೂ ಖುರ್ಚಿ ಇಲ್ಲ. ನೀ ಯಾವಾಗ ಸಾವಕಾರ್ರ ಸೊಸಿ ಆದಿ?" ಎಂದು ಚುಚ್ಚಿದಳು.

"ಕಾಲು ಬ್ಯಾನಿ," ಎಂದು ಮನೀಷಾ ಚೀಟಿ ಹಚ್ಚತೊಡಗಿದಳು. ದೇವರಿಗಷ್ಟೇ ಹೇಳಿದ್ದು ಇವರಿಗೆ ಹೇಗೆ ಮುಟ್ಟಿತು? ದೇವರೇ ಹೇಳಿರಬೇಕು. ಬೇರೆ ದಾರಿ ಆಕೆಗೆ ತೋಚಲಿಲ್ಲ.

ಮುಂದಿನ ಭಾನುವಾರ ಆಕೆ ಮೊದಲ ಬಸ್ಸಿಗೇ ಕುರನೂರಿಗೆ ಬಂದು ಗುಡಿಯ ಕಟ್ಟೆಯಲ್ಲಿ ಕೂತು ಅಷ್ಟನ್ನು ಹೇಳಿದಳು. ಮಾತು ಏನೆಂದು ಹೇಳಲಿಲ್ಲ. ತಾನು ಒಪ್ಪಿಸಿದ್ದು ಸಾವಕಾರರಿಗೆ ಗೊತ್ತಾಗಿದೆ ಎಂದಷ್ಟೇ ಅಂದಳು. ಸುಗಲಾಬಾಯಿ ಎರಡೂ ಕೈ ತಲೆಯ ಮೇಲೆ ಜೋಡಿಸಿದಳು.

"ಕೇಳಿದ್ರೇನ್ರಿ! ನಮ್ಮ ದೇವ್ರ ಸೋಲಾಪುರದ ತನಕ ಹೋಗಿ ಸಾವಕಾರ್ರ ಕನಸಿನಾಗ ಹೇಳ್ಯಾನ!"

"ನಮ್ಮ ದೇವ್ರಿಗಿ ಚಾಡಿ ಹೇಳೂ ಚಟ ಇಲ್ಲ," ಎಂದ ಧರೆಪ್ಪ.

ಮನೀಷಾ ಸೆರಗಿನ ಅಂಚು ಸುತ್ತುತ್ತಿದ್ದಳು. "ಕಾಕಾ, ದೇವ್ರೇ ಹೇಳಿದ್ರ ನನಗ ಸಿಟ್ಟು ಬರಬಾರದು ಹೌದಲ್ಲ? ಬಂದದ. ಭಾಳ ಬಂದದ. ಸಾವಕಾರ್ರ ಹೊಲ ನಮ್ಮ ಕುಂಭಾರ್ಯಾಗದ. ಎಳ್ಳ ಅಮಾಸಿಗಿ ಅವ್ರ ಮನಿಮಂದಿ ಎಲ್ಲಾ ಹೊಲಕ್ಕ ಊಟಕ್ಕ ಬರ್ತಾರ. ಅಡಗಿಗಿ ನಮ್ಮತ್ತಿನೇ ಹೋಗ್ತಾಳ. ಅಲ್ಲಿ ಯಾರರ ಒಂದು ಮಾತ ಅಂದ್ರ…" ಮುಂದಿನದನ್ನು ಆಕೆ ನುಂಗಿದಳು. ಎಳ್ಳ ಅಮಾವಾಸ್ಯೆಗೆ ಹನ್ನೊಂದು ದಿನ ಉಳಿದಿತ್ತು.

ಧರೆಪ್ಪ ಎದ್ದು ಗರ್ಭಗುಡಿಯ ಒಳಗೆ ಹೋದ. ದೇವರಿಗೆ ಕೈಮುಗಿಯಲು ತಲೆ ಎತ್ತಿದಾಗ ತೊಲೆಯ ಮೇಲಿನ ಕ್ಯಾಮರಾ ಕಣ್ಣಿಗೆ ಬಿತ್ತು. ಬಹಳ ಹೊತ್ತು ಅದನ್ನೇ ನೋಡಿದ. ಆಮೇಲೆ ರುಮಾಲು ಸುತ್ತಿಕೊಂಡು ಸೀದಾ ಬಂಡೆಪ್ಪನ ಮನೆಗೆ ನಡೆದ.

"ಬಂಡೆಪ್ಪಾ, ನಿನ್ನ ಮೊಬೈಲಿನಾಗ ಹ್ವಾದ ಐತಾರದ್ದು, ಆ ಮಂಜಿನ ದಿನದ್ದು, ಕಾಣ್ತದೇನ?"

"ಕಾಣೂದೇನ, ಕೇಳ್ತದ ಸೈತ!" ಬಂಡೆಪ್ಪ ಹಿಗ್ಗಿದ. "ಹದಿನೈದು ದಿನದ ತನಕ ಇರ್ತದ, ಆಮ್ಯಾಲ ತಾನೇ ಅಳಿಸ್ತದ. ತಡಿ, ತಿರುವ್ತೀನಿ."

ಮೊಬೈಲಿನ ಪರದೆಯ ಮೇಲೆ ಗರ್ಭಗುಡಿ ಕಂಡಿತು. ದೀಪ, ದೇವರು, ಸೆರಗು ಹೊದ್ದ ಒಂದು ತಲೆ. ಧರೆಪ್ಪ ತನ್ನ ಡೊಳ್ಳಿಗಾಗಿ ಕಿವಿಗೊಟ್ಟ. ಡೊಳ್ಳಿಲ್ಲ. ಮೊರದಲ್ಲಿ ಹೊಟ್ಟು ಹಾರಿಸಿ ಉಳಿದ ಕಾಳಿನ ಹಾಗೆ ಒಂದು ಹೆಣ್ಣುದನಿ ಮಾತ್ರ ಸ್ವಚ್ಛವಾಗಿ ಬಂತು: "ಬೀರೋಬಾ, ಇದು ಮೂರನೇದು…"

ಧರೆಪ್ಪ ಮೊಬೈಲಿನ ಮೇಲೆ ಅಂಗೈ ಮುಚ್ಚಿದ. "ಬಂದ್ ಮಾಡು! ಮೊದಲ ಬಂದ್ ಮಾಡು!"

ಬಂಡೆಪ್ಪ ಗಾಬರಿಯಾಗಿ ಒತ್ತಿದ. ದನಿ ನಿಂತಿತು.

"ನನ್ನ ಡೊಳ್ಳು ಎಲ್ಲಿ ಹೋತು?"

"ಡೊಳ್ಳೇನ? ಅದು ಗದ್ದಲ ಸೋಸಿ ತಗದು ಮನಷಾರ ದನಿ ಅಷ್ಟ ಇಟ್ಕೋತದಂತ. ಗುರುಶಾಂತ ಹೇಳಿದ್ದ. ಭಾಳ ಹೊಸಾದದ."

ಗದ್ದಲ. ನಲವತ್ತೊಂದು ವರ್ಷದ ಪೂಜೆಗೆ ಆ ಯಂತ್ರ ಇಟ್ಟ ಹೆಸರು. ಧರೆಪ್ಪನಿಗೆ ಅದರ ಮೇಲೆ ಸಿಟ್ಟು ಬರಲಿಲ್ಲ. ಅದಕ್ಕೆ ಏನು ಗೊತ್ತು. ತಾನು ಮುಚ್ಚಿದ್ದೇನೆ ಎಂದು ನಂಬಿಸಿ ಒಳಗೆ ಕಳಿಸಿದವರ ಮುಖಗಳು ಒಂದೊಂದಾಗಿ ನೆನಪಾದವು.

"ನೀ ಇದನ್ನ ಕೇಳೀಯೇನ, ಬಂಡೆಪ್ಪಾ? ಖರೆ ಹೇಳು."

"ಎಲ್ಲಿಂದು ಮಾರಾಯಾ! ನನ್ನ ಮೊಬೈಲು ನನ್ನ ಕೈಯಾಗ ಎಲ್ಲಿರ್ತದ? ಮೊಮ್ಮಕ್ಕಳು ಕಾರ್ಟೂನು ನೋಡಕೊಂತ ಕೂಡ್ತಾವ. ಬೀರೋಬಾನ ಪಾಳಿ ಬರೂದೇ ಇಲ್ಲ."

"ಭಂಡಾರ ಮುಟ್ಟು."

ಬಂಡೆಪ್ಪ ಮುಟ್ಟಿದ. ಆದರೆ ಕ್ಯಾಮರಾ ತೆಗೆಸಬೇಕೆಂದಾಗ ತಲೆ ಅಲ್ಲಾಡಿಸಿದ. "ಸಾವಕಾರ್ರು ಬ್ಯಾಸರ ಮಾಡ್ಕೋತಾರೋ. ದೇವ್ರಿಗಿ ಕಣ್ಣು ಕೊಟ್ಟಾರ. ನಾಳೆ ಮತ್ತ ಕಳುವಾದ್ರ ನೀ ತಂದು ಕೊಡ್ತೀಯೇನ?"

"ಕಳ್ಳ ಬಾಗಲದಾಗಿಂದ ಬರ್ತಾನ, ಬಾಗಲಾ ಕಾಯಲಿ. ದೇವ್ರ ಮುಂದ ಕೂತವ್ರ ಬೆನ್ನು ಯಾಕ ಕಾಯಬೇಕು?"

ಗುಡಿಗೆ ತಿರುಗಿ ಬಂದಾಗ ಕಟ್ಟೆಯಲ್ಲಿ ಏಳೆಂಟು ಜನ ಕಾಯುತ್ತಿದ್ದರು. ಧರೆಪ್ಪ ಡೊಳ್ಳನ್ನು ಗೂಟಕ್ಕೆ ತೂಗುಹಾಕಿದ. "ಇವತ್ತ ಮಾತು ಒಪ್ಪಸೂದಿಲ್ಲ. ಒಳಗ ಕಿವಿ ಅದ. ಅದು ಹ್ವಾದ ಮ್ಯಾಲ ಬರ್ರಿ," ಎಂದ. ಕರಜಗಿಯಿಂದ ನಸುಕಿನಲ್ಲೇ ಹೊರಟು ಬಂದಿದ್ದ ಮುದುಕನೊಬ್ಬ ಗೊಣಗಿದ. ಧರೆಪ್ಪ ಅವನಿಗೆ ಚಹಾ ಕುಡಿಸಿ, ಕೈಮುಗಿದು ಕಳಿಸಿದ. ಬಾರಿಸಲಿಲ್ಲ.

ಆಮೇಲೆ ಮನೀಷಾಳ ಎದುರು ಕೂತ. "ದೇವ್ರ ಹೇಳಿಲ್ಲವಾ. ನಾ ಮುಚ್ಚಿಲ್ಲ. ತಪ್ಪು ನಂದು." ಇದ್ದದ್ದನ್ನು ಹೇಳಿದ. "ನಾಳೆ ಸೋಲಾಪುರಕ್ಕ ಹೋಗ್ತೀನಿ. ನಿನ್ನ ಹೆಸರ ತಗೀಲೇನ, ಬ್ಯಾಡೋ?"

ಆಕೆ ಸುತ್ತಿದ್ದ ಸೆರಗಿನ ಅಂಚು ಬಿಚ್ಚಿ ಸರಿಮಾಡಿದಳು. "ನೀವು ಗುಡೀದು ಕೇಳ್ರಿ ಕಾಕಾ. ನಂದು ನಾನೇ ಕೇಳ್ತೀನಿ."

ಸೋಮವಾರ ಧರೆಪ್ಪ ಅಕ್ಕಲಕೋಟದಲ್ಲಿ ಬಸ್ಸು ಬದಲಿಸಿ ಸೋಲಾಪುರಕ್ಕೆ ಹೋದ. ಕುಂಭಾರಿಯಲ್ಲಿ ಮನೀಷಾ ಹತ್ತಿದಳು. ಇಬ್ಬರೂ ಬೇರೆ ಬೇರೆ ಸೀಟಿನಲ್ಲಿ ಕೂತರು. ಅಂಗಡಿಯಲ್ಲಿ ಸಾವಕಾರರು ಪೂಜಾರಿಯನ್ನು ಕಂಡು ಗಾದಿಯ ಮೇಲೆ ಜಾಗ ಮಾಡಿಕೊಟ್ಟರು, ಚಹಾ ತರಿಸಿದರು.

"ಸಾವಕಾರ್ರ, ಚಹಾ ಆಮ್ಯಾಲ. ಒಳಗಿನ ಕ್ಯಾಮರಾ ತಗಸ್ರಿ."

"ಯಾಕ ಪೂಜಾರಿ? ಕೆಟ್ಟದೇನ?"

"ಇಲ್ರಿ. ಭಾಳ ಚೊಲೋ ನಡದದ. ಅದೇ ತ್ರಾಸು."

ವಿಷಯ ತಿಳಿದು ಸಾವಕಾರರ ಮುಖ ಕೆಂಪಾಯಿತು. "ನಾ ಯಾರಿಗಿ ಏನ ಕೇಡು ಮಾಡೀನಿ? ಒಂದು ಹೆಣ್ಣಮಗಳ ಕಷ್ಟ ತಿಳೀತು, ಖುರ್ಚಿ ಕೊಟ್ಟೆ. ಯಾರ ಮುಂದರ ಬಾಯಿ ಬಿಟ್ಟೀನೇನ? ನನ್ನ ಹೆಂಡತಿಗೂ ಹೇಳಿಲ್ಲ."

ಅಷ್ಟರಲ್ಲಿ ಗುರುಶಾಂತ ಒಳಗಿಂದ ಬಂದ. "ಏನ್ರಿ ಪೂಜಾರಿ ಕಾಕಾ, ಕ್ಯಾಮರಾದ ಮ್ಯಾಲ ಸಿಟ್ಟೇನ? ಡೊಳ್ಳು ಕೇಳಸೂದಿಲ್ಲ ಅಂತ ಬ್ಯಾಸರ ಆಗಿದ್ರ, ನಿಮ್ಮ ಡೊಳ್ಳು ರಿಕಾರ್ಡ್ ಮಾಡಿ ಸ್ಪೀಕರಿಗಿ ಹಚ್ಚೂಣು. ನಿಮಗೂ ಕೈ ನೋವು ತಪ್ಪತದ."

"ಅದನ್ನೂ ಅದು ಸೋಸಿ ಬಿಡ್ತದಪಾ."

"ಹಾಂ, ಅದು ಖರೆ." ಗುರುಶಾಂತ ನಕ್ಕ. "ಏಕದಮ ಸಾಫ್ ಇರ್ತದ. ಕೇಳ್ರಿ ಬೇಕಾದ್ರ."

ಯಾರೂ ತಡೆಯುವ ಮೊದಲೇ ಅವನ ಬೆರಳು ಓಡಿತು. ಚಾದರಗಳ ನಡುವೆ, ಐದು ಹೆಂಗಸರು ಕೆಲಸ ಮಾಡುತ್ತಿದ್ದ ಆ ಅಂಗಡಿಯಲ್ಲಿ, ಗರ್ಭಗುಡಿಯ ದನಿ ಎದ್ದಿತು: "ಬೀರೋಬಾ…"

ಮನೀಷಾ ಎದ್ದಳು. ನಾಲ್ಕು ಹೆಜ್ಜೆಯಲ್ಲಿ ಬಂದು ಗುರುಶಾಂತನ ಕೈಯಿಂದ ಮೊಬೈಲು ತೆಗೆದು ಚಾದರದ ರಾಶಿಯ ಕೆಳಗೆ ಒತ್ತಿ ಹಿಡಿದಳು. ದನಿ ಉಸಿರುಗಟ್ಟಿ ಅಡಗಿತು.

"ಬಂದ್ ಮಾಡ್ರಿ," ಎಂದಳು. ಗುರುಶಾಂತ ಪೆಚ್ಚಾಗಿ ಬಂದ್ ಮಾಡಿದ.

"ಸಾವಕಾರ್ರ, ಆ ದನಿ ನಂದು. ನಿಮಗ ಹೇಳಿದ್ದಲ್ಲ."

"ತಂಗೀ, ನಾ ನಿನ್ನ ಒಳ್ಳೇದಕ್ಕ…"

"ಒಳ್ಳೇದಕ್ಕಂತ ನನಗೂ ಗೊತ್ತದ್ರಿ. ಆದ್ರ ಈ ನಾಕೈದು ದಿನ ಆ ಖುರ್ಚಿ ಮ್ಯಾಲ ಕೂತಾಗ ಒಮ್ಮಿನೂ ನನಗ ಬೆನ್ನು ಆನಿಸಾಕ ಆಗಿಲ್ಲ. ನೀವು ನೋಡಿದಾಗೊಮ್ಮಿ ನನ್ನ ಹೊಟ್ಟಿ ಮುಚ್ಕೊಂಡೀನಿ." ಆಕೆ ಖುರ್ಚಿಯನ್ನು ಎತ್ತಿ ತಂದು ಅವರ ಗಾದಿಯ ಮುಂದೆ ಇಟ್ಟಳು. "ನನಗ ನಂದು ತಿರುಗಿ ಕೊಡ್ರಿ. ಖುರ್ಚಿ ನಿಮ್ದು ನಿಮಗಿರಲಿ."

ಆಕೆ ಹೋಗಿ ಎಲ್ಲರ ಜೊತೆ ನಿಂತು ಚಾದರ ಮಡಚತೊಡಗಿದಳು. ಛಾಯಾ ಹತ್ತಿರ ಸರಿದಳು. ಮನೀಷಾಳ ಮುಂದಿದ್ದ ಭಾರದ ಗಂಟನ್ನು ತನ್ನ ಕಡೆ ಎಳೆದುಕೊಂಡಳು.

ಧರೆಪ್ಪ ಎದ್ದು ಚಪ್ಪಲಿ ಮೆಟ್ಟಿಕೊಂಡ. ಮೆಟ್ಟಿಲಲ್ಲಿ ನಿಂತು ಮೆಲುದನಿಯಲ್ಲಿ ಕೇಳಿದ: "ಸಾವಕಾರ್ರ, ಆವತ್ತ ನೀವು ದರ್ಶನಕ್ಕಂತ ಮೊಬೈಲು ತಗದಿದ್ರಿ. ಒಬ್ಬ ಹೆಣ್ಣಮಗಳ ಅಳು ಬಂತು. ಕೆಳಗ ಇಟ್ಟಬಿಡಬಹುದಿತ್ತಲ್ರಿ?"

ಸಾವಕಾರರು ಮುಂದಿದ್ದ ಖುರ್ಚಿಯನ್ನು ಬದಿಗೆ ಸರಿಸಿದರು.

"ಅದು ಒಳಗ ಇರೂತನಾ ನಾ ಡೊಳ್ಳು ಮುಟ್ಟೂದಿಲ್ರಿ. ನೀವು ಬ್ಯಾರೆ ಪೂಜಾರಿನ್ನ ಇಟ್ಕೊಂಡ್ರೂ ಅವನಿಗಿ ಇದನ್ನೇ ಹೇಳ್ತೀನಿ," ಎಂದು ಧರೆಪ್ಪ ಇಳಿದು ಹೋದ.

ಆ ವಾರ ಬಂಡೆಪ್ಪ ಎರಡು ಸಲ ಬಂದು ಬೈದ, ಒಂದು ಸಲ ಬೇಡಿಕೊಂಡ. ಮಂಡಳಿಯವರು ಬಂದು ಪದ್ಧತಿ ಮುರಿಯಬಾರದು ಎಂದರು. "ಮುರದದ್ದು ನನ್ನ ಕೈಯಲ್ಲ," ಎಂದು ಧರೆಪ್ಪ ಕುರಿಗಳಿಗೆ ಸೊಪ್ಪು ಹಾಕುತ್ತಲೇ ಇದ್ದ. ಸುಗಲಾಬಾಯಿಯಂತೂ ಬಂದವರಿಗೆಲ್ಲ, "ನಿಮ್ಮ ಮನ್ಯಾಗ ಒಂದು ಹಚ್ಚಕೊಂಡು ನೋಡ್ರಿ, ಒಂದು ವಾರ ಗಂಡ ಹೆಂಡತಿ ಜಗಳಾ ಮಾಡೂದು ಬಿಡ್ತೀರಿ," ಎಂದು ಉತ್ತರ ಕೊಡುತ್ತಿದ್ದಳು.

ಶನಿವಾರ ಮಧ್ಯಾಹ್ನ ಗುಡಿಯ ಮುಂದೆ ಒಂದು ಕಾರು ನಿಂತಿತು. ಶಂಕರೆಪ್ಪ ಸಾವಕಾರರು ಒಬ್ಬ ವೈರಿಂಗ್ ಕೆಲಸದವನನ್ನು ಕರೆದುಕೊಂಡು ಇಳಿದರು. ಬೀರೋಬಾನ ಮುಂದೆ ಅಡ್ಡಬಿದ್ದು, ಎದ್ದು, ಧರೆಪ್ಪನ ಮುಖ ನೋಡದೆ ದೇವರನ್ನೇ ನೋಡುತ್ತ ಹೇಳಿದರು:

"ಕೆಳಗ ಇಡಬಹುದಿತ್ತು ಪೂಜಾರಿ. ಇಡಲಿಲ್ಲ. ಕಡೀತನಕಾ ಕೇಳಿದೆ. ಕೇಳಿ ಮುಗಿದ ಮ್ಯಾಲ, ಒಳ್ಳೇದು ಮಾಡಾಕ ದೇವ್ರೇ ಕೇಳಿಸ್ಯಾನ ಅಂತ ನನಗ ನಾನೇ ಹೇಳ್ಕೊಂಡೆ."

ಕ್ಯಾಮರಾ ತೊಲೆಯಿಂದ ಇಳಿಯಿತು. ಅದನ್ನು ಹೊರಗಿನ ಬಾಗಿಲಿನ ಮೇಲೆ, ದಾರಿಗೆ ಮುಖ ಮಾಡಿ, ದನಿ ಹಿಡಿಯುವುದನ್ನು ಬಂದ್ ಮಾಡಿ ಕೂರಿಸಿದರು. ಧರೆಪ್ಪ ಅಷ್ಟಕ್ಕೆ ನಂಬಲಿಲ್ಲ. ಬಂಡೆಪ್ಪನನ್ನು ಮೊಬೈಲು ಹಿಡಿದು ನಿಲ್ಲಿಸಿ, ಕ್ಯಾಮರಾದ ಕೆಳಗೆ ನಿಂತು ಹೆಂಡತಿಯ ಕೈಲಿ ಬಾಯಿತುಂಬ ಬೈಸಿದ. ಸುಗಲಾಬಾಯಿ ಈ ಕೆಲಸವನ್ನು ಬಹಳ ಶ್ರದ್ಧೆಯಿಂದ ಮಾಡಿದಳು, ಮಂಡಳಿಯ ಹಿರಿಯನ ಹೆಸರನ್ನೂ ಬಿಡಲಿಲ್ಲ.

"ಏನರ ಕೇಳ್ತೇನ?" ಎಂದ ಧರೆಪ್ಪ.

"ಬಾಯಿ ಅಷ್ಟ ಆಡ್ತದ," ಎಂದ ಬಂಡೆಪ್ಪ. "ಯಾರಿಗಿ ಬೈತಾಳ?"

ಮೂರೂ ಮೊಬೈಲಿನಲ್ಲಿ ಇದ್ದದ್ದನ್ನು ಅಳಿಸಿದ್ದಾಯಿತು. ಕ್ಯಾಮರಾದೊಳಗಿಂದ ಉಗುರಿನಷ್ಟು ಅಗಲದ ಒಂದು ಕರಿ ಕಾರ್ಡನ್ನು ಕೆಲಸದವನು ತೆಗೆದುಕೊಟ್ಟ. ಆ ಹದಿನೈದು ದಿನದಲ್ಲಿ ಮಾತು ಒಪ್ಪಿಸಿದವಳು ಒಬ್ಬಳೇ. ಇನ್ನು ಆ ದನಿ ಇದ್ದದ್ದು ಅದೊಂದರಲ್ಲೇ. ಸಾವಕಾರರು ಅದನ್ನು ಧರೆಪ್ಪನ ಕಡೆ ಚಾಚಿದರು.

"ತಗೋ. ನಾಳೆ ಐತಾರ. ಬಾರಸ್ತೀಯಿಲ್ಲ?"

ಧರೆಪ್ಪ ಕೈ ಹಿಂದೆ ಕಟ್ಟಿಕೊಂಡ. "ಅದನ್ನ ನಾ ಮುಟ್ಟೂದಿಲ್ರಿ. ಯಾರ ಮಾತದನೋ ಅವ್ರ ಕೈ ಸೇರಬೇಕು. ಸೇರಿದ ಮ್ಯಾಲ ಬಾರಸ್ತೀನಿ."

"ಜನಾ ಬಂದು ತಿರುಗಿ ಹೋಗ್ತಾರಲ್ಲೋ."

"ಮತ್ತೊಂದು ಐತಾರ ಬರ್ತದ್ರಿ."

ಸಾವಕಾರರು ಕೈ ಹಿಂದೆಗೆದುಕೊಂಡರು. ಮಗನ ಕೈಲೋ ಆಳಿನ ಕೈಲೋ ಕಳಿಸಿ ಮುಗಿಸುವ ಕೆಲಸವಲ್ಲ ಇದು ಎಂದು ಅವರಿಗೂ ತಿಳಿಯಿತು. ಭಾನುವಾರ ಗುಡಿಯಲ್ಲಿ ಬರೀ ಗಂಟೆ ಬಾರಿಸಿತು. ಬಂದವರು ಕಾಯಿ ಒಡೆಸಿಕೊಂಡು ಹೋದರು.

ಸೋಮವಾರ ಮನೀಷಾ ಅಂಗಡಿಗೆ ಬಂದಾಗ ಮೇಜಿನ ಉದ್ದಕ್ಕೂ ಐದು ಸ್ಟೂಲು ಇದ್ದವು. ಛಾಯಾ ಮೊದಲು ಕೂತು, ಅಲ್ಲಾಡಿಸಿ ನೋಡಿ, "ಗಟ್ಟಿ ಅದ," ಎಂದಳು. ಉಳಿದವರು ಕೂತರು. ಎಲ್ಲರೂ ಕೂತ ಮೇಲೆ ಮನೀಷಾ ಕೂತಳು.

ಎಳ್ಳ ಅಮಾವಾಸ್ಯೆಗೆ ಇನ್ನು ಮೂರು ದಿನ. ಗಿರಾಕಿಗಳು ಇನ್ನೂ ಬಂದಿರಲಿಲ್ಲ. ಸಾವಕಾರರು ಗಾದಿಯಿಂದ ಇಳಿದು, ಚಪ್ಪಲಿ ಹಾಕದೆ, ಮೇಜಿನ ತುದಿಗೆ ಬಂದರು. ಅಂಗಿಯ ಒಳಜೇಬಿನಿಂದ ಆ ಕರಿ ಕಾರ್ಡು ಸುತ್ತಿದ ನಾಲ್ಕು ಮಡಿಕೆಯ ಒಂದು ಕಾಗದ ತೆಗೆದರು. ಮನೀಷಾ ತಲೆ ಎತ್ತಿ ನೋಡಿ, ಚಾದರ ಬಿಟ್ಟು, ಅಂಗೈ ಚಾಚಿದಳು. ಅವರು ಆಕೆಯ ಮುಖ ನೋಡದೆ ಆ ಕಾಗದದ ಪೊಟ್ಟಣವನ್ನು ಎರಡೂ ಕೈಯಿಂದ ಆಕೆಯ ಅಂಗೈಯಲ್ಲಿ ಇಟ್ಟರು.